ಎಳೆ ಕೊಡದ ಕಾಡು

ಅಕ್ಟೋಬರ್ ೬, ಸೋಮವಾರ

ಇವತ್ತೂ ಎಳೆ ಬರಲಿಲ್ಲ. ಹೋದ ವಾರ ಬರದೇ ಇದ್ದಾಗ ಹವೆಯ ದೋಷ ಅಂದುಕೊಂಡಿದ್ದೆ. ಇವತ್ತು ಹವೆ ಒಣಗಿಯೇ ಇತ್ತು, ಕಿಟಕಿ ಮುಚ್ಚಿತ್ತು, ಒಲೆಯೂ ಹೇಳಿದಷ್ಟೇ ಬಿಸಿಯಾಗಿತ್ತು. ಆದರೂ ಇಲ್ಲ. ದಾರಿಯುದ್ದಕ್ಕೂ ಅದೇ ಯೋಚನೆ. ಅದರ ನಡುವೆ, ಕೆಲಸದ ಕೋಣೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ ಅರ್ಧ ದಾರಿಯಿಂದ ವಾಪಸು ಹೋಗಿ ನೋಡಿದೆ. ಹಾಕಿತ್ತು. ಮನೆ ಬಾಗಿಲಿಗೆ ಬಂದಾಗ ನಮ್ಮದೇ ಬೀಗಕ್ಕೆ ಕೀಲಿಕೈ ಸರಿಯಾಗಿ ಕೂರಲಿಲ್ಲ. ಅದೂ ಹಳೆಯದಾಯಿತು. ಇವರಿಗೆ ಹೇಳಿ ಬದಲಾಯಿಸಬೇಕು, ಯಾವಾಗಲೋ ಏನೋ, ಅಷ್ಟರಲ್ಲಿ ಕಳ್ಳ ಬಂದರೆ ಅವನಿಗೂ ತೆಗೆಯಲು ಬರಲಿಕ್ಕಿಲ್ಲ.

ಊಟಕ್ಕೆ ಕೂತಾಗ ಅತ್ತೆ ಕೇಳಿದರು. "ಅಲ್ಲಾ, ಒಲೆ ಅಂತೀಯ, ಕಾಡು ಅಂತೀಯ, ಎಳೆ ಅಂತೀಯ. ನೀನು ಅಲ್ಲಿ ಅಡುಗೆ ಮಾಡ್ತೀಯೋ, ಸೌದೆ ಕಡೀತೀಯೋ, ನೂಲು ತೆಗೀತೀಯೋ?"

ಮೂರೂ ಎಂದೆ. ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳಿದೆ. ಕನ್ನಡಿಯಂಥ ಒಂದು ಪುಟ್ಟ ತುಂಡು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕಬ್ಬಿಣ ಬಳಿದಿರುತ್ತದೆ. ಗಾಜಿನ ಕೊಳವೆಯೊಳಗಿಟ್ಟು, ಒಲೆ ಕೆಂಪಗಾದ ಮೇಲೆ ಗ್ಯಾಸ್ ಬಿಟ್ಟರೆ, ಗ್ಯಾಸಿನಲ್ಲಿರುವ ಇಂಗಾಲ ಆ ಕಬ್ಬಿಣದ ಕಣಗಳನ್ನು ಹಿಡಿದು ಸಣ್ಣ ಸಣ್ಣ ಕೊಳವೆಗಳಾಗಿ ಎದ್ದು ನಿಲ್ಲುತ್ತದೆ. ನ್ಯಾನೋಟ್ಯೂಬ್ ಅಂತಾರೆ. ಒಂದೊಂದೂ ನಮ್ಮ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದಂತೆ. ಲೆಕ್ಕವಿಲ್ಲದಷ್ಟು ಒತ್ತೊತ್ತಾಗಿ ನಿಂತಾಗ ಮೇಲಿನಿಂದ ಕರಿ ಮಖಮಲ್ಲಿನ ಹಾಗೆ ಕಾಣುತ್ತದೆ, ಅದಕ್ಕೇ ಕಾಡು ಅನ್ನುವುದು. ಅಂಚನ್ನು ಚಿಮುಟದಿಂದ ಹಿಡಿದು ಎಳೆದರೆ ಒಂದರ ಬಾಲ ಒಂದು ಹಿಡಿದುಕೊಂಡು ಹೊಗೆಯಂಥ ಪರದೆಯೊಂದು ಬರುತ್ತಾ ಹೋಗುತ್ತದೆ. ಬಂದರೆ. ಎಲ್ಲ ಕಾಡೂ ಎಳೆ ಕೊಡುವುದಿಲ್ಲ.

"ಬಂದ್ರೆ ಏನ್ಮಾಡ್ತಾರೆ?"

"ವಿಮಾನದ ರೆಕ್ಕೆಗೆ ಹಾಳೆ ಮಾಡಿ ಅಂಟಿಸ್ತಾರಂತೆ. ಕರೆಂಟು ಕೊಟ್ಟರೆ ಬಿಸಿಯಾಗಿ ಮಂಜುಗಡ್ಡೆ ಕರಗುತ್ತೆ."

"ವಿಮಾನಕ್ಕೆ ಸ್ವೆಟರ್ ಹಾಕ್ತೀಯ ಅನ್ನು," ಎಂದು ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು.

ಅವರಿಗೆ ನಗು. ನನಗೆ, ನಾನು ಎಳೆದದ್ದು ಎಲ್ಲಾದರೂ ಮೇಲೆ ಹೋದಾಗ ಕಿತ್ತು ಬಂದರೆ ಎಂಬ ಭಯ.

ಅಕ್ಟೋಬರ್ ೮, ಬುಧವಾರ

ಎದ್ದಾಗಿನಿಂದ ಬಲಗೈ ಬಿಗಿ. ಮಗ್ಗುಲು ತಪ್ಪಿ ಮಲಗಿದ್ದೆನೇನೋ.

ಇವತ್ತಿನ ತುಂಡುಗಳಲ್ಲಿ ಒಂದೇ ಒಂದು ಎಳೆ ಕೊಟ್ಟಿತು. ಅದೂ ಬೆರಳುದ್ದ ಬಂದು ಹರಿಯಿತು. ಉಳಿದದ್ದೆಲ್ಲ ಮುಟ್ಟಿದ ಕಡೆ ಪುಡಿಯಾಗಿ ಉದುರಿತು. ಡಬ್ಬಿಗಳ ಮೇಲೆ "ಬರಲ್ಲ" ಎಂದು ಬರೆದಿಟ್ಟೆ.

ನಮ್ಮಲ್ಲಿ ಕಾಡಿನ ಪರೀಕ್ಷೆ ಅಂದರೆ ನನ್ನ ಕೈ. ಬೇರೆ ಯಾರೂ ಚಿಮುಟ ಮುಟ್ಟುವಂತಿಲ್ಲ. ಈ ಕೋಣೆ ನಡೆಸುವ ಸಾಹೇಬರು ಮೊದಲ ದಿನವೇ ಮಾಡಿದ ನಿಯಮ ಇದು. ಒಬ್ಬೊಬ್ಬರು ಒಂದೊಂದು ಥರ ಎಳೆದರೆ, ಹೆಚ್ಚುಕಡಿಮೆ ಆದದ್ದು ಕಾಡಿನಿಂದಲೋ ಕೈಯಿಂದಲೋ ಗೊತ್ತಾಗುವುದಿಲ್ಲವಂತೆ. ಕೈ ಒಂದೇ ಆದರೆ ದೋಷ ಕಾಡಿನದ್ದೇ. ಶಾಲೆಯನ್ನು ಮೂರು ಸಲ ಬಿಟ್ಟು ಎರಡು ಸಲ ಮತ್ತೆ ಸೇರಿದವಳು ನಾನು. ಬಟ್ಟೆಗೆ ಮಣಿ ಹಾಕುವ ಕೆಲಸದಲ್ಲಿದ್ದೆ. ಅಲ್ಲಿಂದ ನನ್ನನ್ನು ಕರೆತಂದದ್ದು ಗ್ಯಾಸಣ್ಣ. ಒಲೆಗೆ ಸಿಲಿಂಡರ್ ಜೋಡಿಸುವುದು, ಪೈಪು ಬಿಗಿಯುವುದು, ಯಾವ ಗ್ಯಾಸ್ ಎಷ್ಟು ಹೋಗಬೇಕೋ ಅಷ್ಟು ಬಿಡುವುದು ಅವರ ಕೆಲಸ. "ನಮ್ಮ ಬೀದೀಲಿ ಒಬ್ಬಳಿದ್ದಾಳೆ, ಉಸಿರು ಬಿಟ್ಟರೂ ಅವಳ ಕೈ ಅಲ್ಲಾಡಲ್ಲ" ಎಂದು ಸಾಹೇಬರಿಗೆ ಹೇಳಿದ್ದರಂತೆ.

ಇವತ್ತು ಅವರು ಪೈಪಿನ ಕೀಲುಗಳಿಗೆಲ್ಲ ಸೋಪುನೀರು ಬಳಿದು ಸೋರುತ್ತಿದೆಯೇ ನೋಡಿದರು.

"ನೋಡಮ್ಮ, ಒಂದೇ ಒಂದು ಗುಳ್ಳೆ ಎದ್ದರೆ ಮೀಸೆ ಬೋಳಿಸ್ತೀನಿ."

"ನಿಮಗೆ ಮೀಸೆ ಎಲ್ಲಿದೆ ಅಣ್ಣ?"

"ಅದಕ್ಕೇ ಅಲ್ವಾ ಇಷ್ಟು ಧೈರ್ಯ!"

ಗುಳ್ಳೆ ಏಳಲಿಲ್ಲ. ಎದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದು ನಿಜ. ಕಾರಣ ಸಿಕ್ಕಿಬಿಡುತ್ತಿತ್ತು.

ಅಕ್ಟೋಬರ್ ೧೪, ಮಂಗಳವಾರ

ಸಾಹೇಬರು ಎಲ್ಲರನ್ನೂ ಒಲೆಯ ಪಕ್ಕ ಕರೆದು ನಿಲ್ಲಿಸಿದರು. ಎಲ್ಲರೂ ಅಂದರೆ ನಾನು, ಗ್ಯಾಸಣ್ಣ, ಲೆನ್ಸಮ್ಮ. ಲೆನ್ಸಮ್ಮ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಕಾಡಿನ ಫೋಟೋ ತೆಗೆಯುವವಳು. ತುಂಬಾ ಓದಿದ್ದಾಳೆ, ಆದರೂ ನನ್ನನ್ನು ಅಕ್ಕ ಅನ್ನುತ್ತಾಳೆ.

ಹಾಳೆ ತರಿಸಿಕೊಳ್ಳುವ ಕಂಪನಿಯವರು ಸಿಟ್ಟಾಗಿದ್ದಾರಂತೆ. ಒಲೆಯ ತಂತಿ ಬದಲಾಗಿದೆ. ಗಾಜಿನ ಕೊಳವೆ ಹೊಸದು. ಕಬ್ಬಿಣ ಬಳಿದ ತುಂಡುಗಳೂ ಹೊಸದು. ಉಳಿದದ್ದು ಗ್ಯಾಸಿನ ದಾರಿ ಒಂದೇ ಎಂದರು.

"ಗುಳ್ಳೆ ಎದ್ದಿಲ್ಲ ಸಾರ್."

"ಸೋಪಿಗೆ ಕಾಣದ ಸೋರಿಕೆಯೂ ಇರುತ್ತೆ. ಚೂರು ಗಾಳಿ ಒಳಗೆ ಹೋದರೂ ಸಾಕು, ಕಾಡು ನೆಟ್ಟಗೆ ನಿಂತಿರುತ್ತೆ, ಎಳೆ ಮಾತ್ರ ಬರಲ್ಲ."

"ಹಾಗಾದ್ರೆ ಇನ್ನೊಂದು ಸಲ ಎಲ್ಲಾ ಬಿಚ್ಚಿ ಹಾಕ್ತೀನಿ."

"ಹಾಕಿ. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಗ್ಯಾಸ್ ಕೆಲಸ ಹೊರಗಿನವರಿಗೆ ಕೊಡಬೇಕಾಗುತ್ತೆ. ನನಗೆ ಬೇರೆ ದಾರಿ ಇಲ್ಲ."

ಗ್ಯಾಸಣ್ಣ ತಲೆಯಾಡಿಸಿದರು. ಯಾವುದಕ್ಕೂ ಒಂದು ಮಾತು ತಿರುಗಿಸಿ ಹೇಳುವವರು, ಸ್ಪ್ಯಾನರು ತೆಗೆದುಕೊಂಡು ಪೈಪಿನ ಹತ್ತಿರ ಹೋದರು. ಅವರಿಗೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ?

ಹೋಗುವಾಗ ಸಾಹೇಬರು ನನ್ನ ಕಡೆ ತಿರುಗಿ, "ನೀವು ಮಾಡೋದನ್ನ ಹಾಗೇ ಮಾಡ್ತಾ ಇರಿ. ಸದ್ಯಕ್ಕೆ ಈ ಕೋಣೆಯಲ್ಲಿ ನಂಬಬಹುದಾದ್ದು ಅದೊಂದೇ" ಎಂದರು. ಹೊಗಳಿದರು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ವಾಪಸು ತಂದೆ.

ಅಕ್ಟೋಬರ್ ೧೭, ಶುಕ್ರವಾರ

ಬರಲ್ಲ. ಬರಲ್ಲ. ಬರಲ್ಲ.

ಬಾಗಿಲ ಹತ್ತಿರ ಸಾಮಾನಿನ ಚೀಟಿ ಬರೆದಿಟ್ಟು ಹೋಗಿದ್ದೆ. ಸಾಯಂಕಾಲ ಇವರು ಅದನ್ನು ಹಿಡಿದುಕೊಂಡೇ ಕೂತಿದ್ದರು. "ಏನೇ ಇದು, ಇರುವೆ ಸಾಲು ಹೋದ ಹಾಗಿದೆ! ಅಂಗಡಿಯವನು ಭೂತಗನ್ನಡಿ ತಂದು ಓದಿದ." ಸಾಬೂನು ಅಂತ ಬರೆದದ್ದು ಸಾಸಿವೆ ಅಂತ ಓದಿ ಅದನ್ನೇ ಕಟ್ಟಿಕೊಟ್ಟಿದ್ದಾನೆ. ಕಾಗದ ಉಳಿಯಲಿ ಅಂತ ಸಣ್ಣದಾಗಿ ಬರೆದಿದ್ದೆ ಎಂದೆ. ನಿಜಕ್ಕೂ ಹಾಗೆ ಬರೆದಿದ್ದೆನೋ ನೆನಪಿಲ್ಲ. ಪೆನ್ನೂ ಸರಿಯಿಲ್ಲ.

ಚಿಮುಟದ ತುದಿ ಸವೆದಿರಬಹುದು. ಹೊಸದು ಕೇಳಬೇಕು.

ಅಕ್ಟೋಬರ್ ೨೧, ಮಂಗಳವಾರ

ಹೊಸ ಚಿಮುಟ ಕೊಟ್ಟರು. ಬರಲ್ಲ.

ಲೆನ್ಸಮ್ಮ ಹಳೆಯ ಫೋಟೋಗಳನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದಳು. ಎತ್ತರ ಅಷ್ಟೇ, ಒತ್ತು ಅಷ್ಟೇ, ಒಂದರ ಪಕ್ಕ ಒಂದು ಕೊಂಚ ಬಳುಕಿ ನಿಂತಿರುವ ರೀತಿಯೂ ಅದೇ. "ಅಕ್ಕ, ನಂಗೇನೂ ವ್ಯತ್ಯಾಸ ಕಾಣ್ತಿಲ್ಲ. ಇದು ಎಳೆ ಕೊಡಬೇಕು."

"ಕೊಡ್ತಿಲ್ಲವಲ್ಲ."

"ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದು ತುಂಡು ನಾನು ಎಳೆದು ನೋಡ್ಲಾ?"

ನನಗೆ ಎಲ್ಲಿತ್ತೋ ಸಿಟ್ಟು. "ಕೈ ಬದಲಾಯಿಸಬಾರದು ಅಂತ ಸಾಹೇಬರೇ ಹೇಳಿದಾರೆ. ಇನ್ನು ಇಬ್ಬರೂ ಎಳೆದು, ನಿನಗೊಂದು ಬಂದು ನನಗೊಂದು ಬಾರದೆ, ಕೊನೆಗೆ ಯಾವುದನ್ನು ನಂಬೋದು?"

ಅವಳು ಆಯ್ತು ಅಕ್ಕ ಎಂದು ಹೋದಳು. ನಿಯಮ ಇರುವುದನ್ನೇ ನಾನು ಹೇಳಿದ್ದು. ಆದರೆ ಅವಳ ಕಣ್ಣು ನನ್ನ ಜಾಗದ ಮೇಲೆ ಯಾಕೆ ಬಿತ್ತು? ಅಷ್ಟು ಓದಿದವಳಿಗೆ ಚಿಮುಟದ ಕೆಲಸ ಯಾಕೆ ಬೇಕು? ಇಬ್ಬರ ಕೆಲಸ ಒಬ್ಬಳೇ ಮಾಡಿದರೆ ಸಾಹೇಬರಿಗೆ ಅನುಕೂಲ. ಹೀಗೇ ಶುರುವಾಗುವುದು. ದಿನವಿಡೀ ಇದೇ ತಲೆಯಲ್ಲಿ. ಗ್ಯಾಸಣ್ಣನ ಬಗ್ಗೆ ಯೋಚಿಸಲೇ ಇಲ್ಲವಲ್ಲ ಎಂದು ಮನೆಗೆ ಬಂದ ಮೇಲೆ ನಾಚಿಕೆಯಾಯಿತು.

ಅತ್ತೆ ಹೇಳಿದರು, "ಚಿಂತೆ ಮಾಡೋದಕ್ಕೆ ಸಂಬಳ ಅಂತಿದ್ದಿದ್ರೆ ನೀನು ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರ್ತಿದ್ದೆ. ಮೊದಲು ಆ ಕೈ ಹಿಡ್ಕೋ. ತೊಡೆ ಮೇಲೆ ಅದೇನು ತಾಳ ಹಾಕ್ತಾ ಕೂತಿದೀಯ?"

ಹಿಡಿದುಕೊಂಡೆ. ತಾಳ ಹಾಕುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಅಕ್ಟೋಬರ್ ೨೭, ಸೋಮವಾರ

ಗ್ಯಾಸಣ್ಣ ಭಾನುವಾರವೂ ಬಂದು ಪೂರ್ತಿ ಪೈಪು ಬಿಚ್ಚಿ, ಒಂದೊಂದು ಕೀಲನ್ನೂ ಒರೆಸಿ ಮತ್ತೆ ಬಿಗಿದಿದ್ದರು. ಮೊಣಕಾಲು ಊದಿತ್ತು. ಇವತ್ತು ಕಾಡು ಹೊರಗೆ ಬಂದಾಗ ನನ್ನ ಬೆನ್ನ ಹಿಂದೆಯೇ ನಿಂತರು. ಅವರ ಉಸಿರು ಕೇಳುತ್ತಿತ್ತು.

ಮುಟ್ಟಿದೆ. ಉದುರಿತು. ಇನ್ನೊಂದು. ಉದುರಿತು.

"ಇನ್ನೊಂದು ಸಲ ನೋಡಮ್ಮ. ಸ್ವಲ್ಪ ನಿಧಾನಕ್ಕೆ."

"ನಿಧಾನಕ್ಕೇ ಅಣ್ಣ."

"ಹೂಂ, ನಿಧಾನಕ್ಕೇ ಇದೆ," ಎಂದರು ಅವರೇ.

ಡಬ್ಬಿಯ ಮೇಲೆ ಬರೆಯುವಾಗ ಅವರು ಬೇರೆ ಕಡೆ ನೋಡಿದರು.

ಅಕ್ಟೋಬರ್ ೩೧, ಶುಕ್ರವಾರ

ಗ್ಯಾಸಣ್ಣನನ್ನು ಕೆಲಸದಿಂದ ಬಿಡಿಸಿದರು. ಕೂಗಾಟ ಇಲ್ಲ, ಏನಿಲ್ಲ. ಸಾಹೇಬರು ಕುರ್ಚಿ ಕೊಟ್ಟು ಕೂರಿಸಿ ಹೇಳಿದರಂತೆ. ಹೊರಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತು, "ಇನ್ಮೇಲೆ ಗ್ಯಾಸ್ ಬಿಡೋಕೆ ಬರೋನಿಗೆ ಮೀಸೆ ಇದೆಯಾ ನೋಡಿ ತಗೊಳ್ಳಿ ಅಂತ ಹೇಳಿದೀನಿ" ಎಂದರು. ನಗಬೇಕಿತ್ತು. ನಾನು ಅತ್ತುಬಿಟ್ಟೆ. ಅವರೇ ನನ್ನನ್ನು ಸಮಾಧಾನ ಮಾಡಬೇಕಾಯಿತು.

ಪೈಪು ನಿಜಕ್ಕೂ ಸೋರುತ್ತಿತ್ತೋ ಏನೋ. ಸಾಹೇಬರು ತಿಳಿದವರು.

ನವೆಂಬರ್ ೩, ಸೋಮವಾರ

ಹೊರಗಿನ ಕಂಪನಿಯವರು ಬಂದು ಪೈಪುಗಳನ್ನೆಲ್ಲ ಹೊಸದು ಹಾಕಿದರು. ಬೆಳ್ಳಿಯ ಹಾಗೆ ಹೊಳೆಯುತ್ತಿದೆ.

ಬರಲ್ಲ.

ಸಾಹೇಬರು ಬೆಳೆದ ಕಾಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಶನಿವಾರದೊಳಗೆ ಒಂದು ಹಾಳೆಯಾದರೂ ಕಳಿಸದಿದ್ದರೆ ಆ ಕಂಪನಿಯವರು ಬೇರೆ ಕಡೆ ಹೋಗುತ್ತಾರಂತೆ. ಆಮೇಲೆ ಒಲೆಗೆ ಏನು ಕೆಲಸ, ನಮಗೆ ಏನು ಕೆಲಸ.

ನವೆಂಬರ್ ೫, ಬುಧವಾರ

ಗ್ಯಾಸಣ್ಣ ತಮ್ಮ ಸ್ಪ್ಯಾನರುಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದರು. ಸಾಹೇಬರೂ ಲೆನ್ಸಮ್ಮನೂ ಊಟಕ್ಕೆ ಹೋಗಿದ್ದರು. ನಾನು "ಬರಲ್ಲ" ಎಂದ ತುಂಡುಗಳ ಡಬ್ಬಿಗಳನ್ನು ಕಸಕ್ಕೆ ಕಳಿಸಲು ಚೀಲಕ್ಕೆ ತುಂಬುತ್ತಿದ್ದೆ. ಅವರು ಬ್ಯಾಗಿಗೆ ಸ್ಪ್ಯಾನರು ಹಾಕಿಕೊಂಡು, ಕೈ ತೊಳೆದು, ಕೈಗವಸು ಹಾಕಿ ಬಂದು ನಿಂತರು.

"ಇಷ್ಟು ವರ್ಷ ಗ್ಯಾಸ್ ಕುಡಿಸಿ ಸಾಕಿದೀನಿ. ಮುಟ್ಟಿ ನೋಡಿದ್ದೇ ಇಲ್ಲ. ಒಂದು ಸಲ ಕೊಡಮ್ಮ. ಈಗ ನಾನು ಇಲ್ಲಿಯವನೂ ಅಲ್ಲ, ನನಗ್ಯಾವ ನಿಯಮ?"

ಹೇಗೂ ಕಸಕ್ಕೆ ಹೋಗುವುದು. ಒಂದು ಡಬ್ಬಿ ತೆಗೆದು ಕೊಟ್ಟೆ. ಅಂಚು ಎಲ್ಲಿ, ಹೇಗೆ ಹಿಡಿಯಬೇಕು ಎಂದು ಹೇಳಿಕೊಟ್ಟೆ. ಅವರ ಬೆರಳುಗಳ ನಡುವೆ ಚಿಮುಟ ಕಡ್ಡಿಯ ಹಾಗೆ ಕಾಣುತ್ತಿತ್ತು. ನಾನು ಮುಟ್ಟಿ ಉದುರಿದ್ದ ಅಂಚನ್ನು ಬಿಟ್ಟು ಇನ್ನೊಂದು ಅಂಚು ಹಿಡಿದರು. ಎಳೆದರು.

ಬಂತು.

ಹೊಗೆಯ ಹಾಗೆ, ಆ ತುಂಡಿನಷ್ಟೇ ಅಗಲಕ್ಕೆ, ಎಲ್ಲೂ ತೂತಿಲ್ಲದೆ ಬಂತು. ಅವರು ಒಂದು ಹೆಜ್ಜೆ ಹಿಂದೆ ಹೋದರು. ಬರುತ್ತಲೇ ಇತ್ತು. ಮಗುವಿನ ಹಾಗೆ ನಗುತ್ತಾ, "ಬಂತು, ಬಂತು ನೋಡಮ್ಮ, ನನ್ನ ಕೈಗೆ ಬಂತು!" ಎನ್ನುತ್ತಾ ಸಿಲಿಂಡರ್ ಇಟ್ಟಿದ್ದ ಗೋಡೆಗೆ ಬೆನ್ನು ತಾಗುವವರೆಗೂ ಹೋದರು. ಕಿಟಕಿಯ ಬೆಳಕು ಅದರ ಮೂಲಕ ಬೂದುಬಣ್ಣವಾಗಿ ನೆಲಕ್ಕೆ ಬೀಳುತ್ತಿತ್ತು.

"ಇದು ಯಾವತ್ತಿನದು?"

ಡಬ್ಬಿಯ ಮೇಲೆ ನೋಡಿ ಹೇಳಿದೆ. ಅವರು ಭಾನುವಾರ ಪೈಪು ಬಿಚ್ಚಿ ಬಿಗಿದ ಮಾರನೆಯ ದಿನದ್ದು.

ಇನ್ನೊಂದು ಡಬ್ಬಿ ತೆಗೆದರು. ಅದು ಅದಕ್ಕೂ ಹಿಂದಿನದು. ಬಂತು. ಮತ್ತೊಂದೂ ಬಂತು. ಆಗ ಅವರ ನಗು ನಿಂತಿತ್ತು. ಡಬ್ಬಿಯ ಮುಚ್ಚಳ ನನ್ನ ಕೈಯಲ್ಲಿತ್ತು, ಅದು ಮೇಜಿನ ಅಂಚಿಗೆ ಟಕಟಕ ಹೊಡೆಯುತ್ತಿತ್ತು. ಅವರು ಅದನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು. ಸದ್ದು ನಿಂತಿತು. ಕೈ ನಿಲ್ಲಲಿಲ್ಲ.

"ಯಾವಾಗಿಂದ ಇದು?"

"ಚಿಮುಟ ಸರಿಯಿಲ್ಲ ಅಣ್ಣ."

"ನಾನು ಎಳೆದದ್ದೂ ಇದೇ ಚಿಮುಟದಲ್ಲೇ ಅಲ್ವೇನಮ್ಮ?"

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಂದು ಈಗಲೂ ಅನಿಸುತ್ತಿದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ಸಾಹೇಬ್ರಿಗೆ ನೀನು ಹೇಳ್ತೀಯೋ ನಾನು ಹೇಳ್ಲೋ?" ಎಂದರು.

"ನಾನೇ ಹೇಳ್ತೀನಿ."

"ಹೇಳು." ಬರ್ತೀನಿ ಅನ್ನದೆ ಹೋದರು.

ಸಾಹೇಬರು ಊಟ ಮುಗಿಸಿ ಬಂದರು. ಹೇಳಲಿಲ್ಲ. ತಲೆನೋವು ಎಂದು ಮನೆಗೆ ಬಂದೆ.

ನವೆಂಬರ್ ೬, ಗುರುವಾರ

ಹೇಳಲಿಲ್ಲ. ಬೆಳಿಗ್ಗೆ ಯಾರೋ ಬಂದಿದ್ದರು. ಮಧ್ಯಾಹ್ನ ಸಾಹೇಬರು ಫೋನಿನಲ್ಲಿದ್ದರು. ನೆಪ ಅಂತ ನನಗೂ ಗೊತ್ತು.

ಒಂದು ವೇಳೆ ಆ ತುಂಡುಗಳು ಡಬ್ಬಿಯಲ್ಲಿ ಇದ್ದು ಇದ್ದು ಸರಿಹೋಗಿರಬಹುದೇ? ಲೆನ್ಸಮ್ಮನನ್ನು ಕೇಳಿದೆ, ಕಾಡು ಹಾಗೆ ತಾನಾಗಿ ಸರಿಹೋಗುತ್ತದೆಯೇ ಎಂದು. ಇಲ್ಲ ಅಕ್ಕ ಎಂದಳು. ಯಾಕೆ ಎಂದು ಕೇಳಲಿಲ್ಲ ಪುಣ್ಯಾತ್ಗಿತ್ತಿ.

ನವೆಂಬರ್ ೭, ಶುಕ್ರವಾರ

ಇಲ್ಲ.

ನವೆಂಬರ್ ೧೦, ಸೋಮವಾರ

ಹೇಳಿದೆ.

ಸಾಹೇಬರು ಲೆನ್ಸಮ್ಮನನ್ನು ಕರೆದು ಚಿಮುಟ ಕೊಟ್ಟರು. ಅವಳು ಕೈಗವಸು ಹಾಕಿಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಉಳಿದಿದ್ದ ಡಬ್ಬಿಗಳಿಂದ ತೆಗೆದು ತೆಗೆದು ಎಳೆದಳು. ಎರಡು ಮೂರು ಹರಿದವು, ಅವಳಿಗೆ ಅಭ್ಯಾಸವಿಲ್ಲ. ಉಳಿದವೆಲ್ಲ ಬಂದವು. ಕಾಡಿಗೆ ಏನೂ ಆಗಿರಲಿಲ್ಲ. ಒಲೆಗೆ ಏನೂ ಆಗಿರಲಿಲ್ಲ. ಗ್ಯಾಸಿಗೆ ಏನೂ ಆಗಿರಲಿಲ್ಲ.

ಸಾಹೇಬರು ಸ್ಟೂಲ್ ಎಳೆದುಕೊಂಡು ಕೂತರು. "ಕೈ ಒಂದೇ ಇರಲಿ ಅಂದವನು ನಾನು" ಎಂದರು. ಆಮೇಲೆ, "ನಿಮಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

"ಶನಿವಾರ ಸಾಯಂಕಾಲ ಆ ಕಂಪನಿಯವರು ಬೇರೆ ಕಡೆ ಸಹಿ ಹಾಕಿದರು. ಗುರುವಾರ ಹೇಳಿದ್ದಿದ್ರೆ..." ಅಲ್ಲಿಗೇ ನಿಲ್ಲಿಸಿದರು.

ಗ್ಯಾಸಣ್ಣನಿಗೆ ನನ್ನ ಮುಂದೆಯೇ ಫೋನ್ ಮಾಡಿ ತಪ್ಪಾಯ್ತು ಎಂದರು. ಎರಡು ಸಲ ಎಂದರು. ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. ವಾಪಸು ಬನ್ನಿ ಎಂದು ಕರೆಯಲಿಲ್ಲ. ಕರೆದು ಎಲ್ಲಿ ನಿಲ್ಲಿಸುತ್ತಾರೆ? ತಿಂಗಳು ಮುಗಿದ ಮೇಲೆ ಒಲೆ ಆರಿಸಿ ಕೋಣೆ ಬಿಟ್ಟುಕೊಡುತ್ತಾರಂತೆ.

ನವೆಂಬರ್ ೧೩, ಗುರುವಾರ

ಇವರು ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಸಣ್ಣ ವಯಸ್ಸಿನವಳು. ಒಂದು ಕಾಗದ ಕೊಟ್ಟು ಶಂಖದ ಸುತ್ತು ಬರೆಯಿರಿ ಎಂದಳು. ಬರೆದೆ. ನಿಮ್ಮ ಇಷ್ಟದ ಒಂದು ವಾಕ್ಯ ಬರೆಯಿರಿ ಎಂದಳು. ಏನೂ ತೋಚದೆ "ಇವತ್ತೂ ಎಳೆ ಬರಲಿಲ್ಲ" ಎಂದು ಬರೆದೆ. ಬರೀತಾ ಬರೀತಾ ಅಕ್ಷರ ಸಣ್ಣದಾಗುತ್ತಾ ಹೋದದ್ದನ್ನು ಅವಳು ಪೆನ್ನಿನಿಂದ ತೋರಿಸಿದಳು. ನಡೆಸಿ ನೋಡಿದಳು, ಕೈ ಮಡಚಿ ಬಿಡಿಸಿ ನೋಡಿದಳು.

ನರದ ಕಾಯಿಲೆ, ನಡುಕದ್ದು, ಪೂರ್ತಿ ಹೋಗುವಂಥದ್ದಲ್ಲವಂತೆ. ಮಾತ್ರೆಯಲ್ಲಿ ನಿಧಾನ ಮಾಡಬಹುದಂತೆ.

ಅತ್ತೆ ಕೇಳಿ, ಒಳಗೆ ಹೋಗಿ ಮುಖ ತೊಳೆದು ಬಂದು, "ಇನ್ಮೇಲೆ ತರಕಾರಿ ನಾನು ಹೆಚ್ತೀನಿ. ನೀನು ಹೆಚ್ಚಿದ್ದು ನನಗೆ ಯಾವತ್ತೂ ಸರಿ ಬಂದಿಲ್ಲ" ಎಂದರು.

ರಾತ್ರಿ ಬಾಗಿಲು ಹಾಕಿದೆಯೇ ಎಂದು ಎದ್ದು ನೋಡಲಿಲ್ಲ. ಇದನ್ನು ಬರೆಯುವಾಗ ನೆನಪಾಯಿತು.

ನವೆಂಬರ್ ೧೬, ಭಾನುವಾರ

ಗ್ಯಾಸಣ್ಣನ ಮನೆಗೆ ಹೋಗಿದ್ದೆ. ನಮ್ಮ ಬೀದಿಯ ತುದಿಯೇ ಆದರೂ ಎಷ್ಟೋ ದಿನದಿಂದ ಆ ಕಡೆ ಹೋಗಿರಲಿಲ್ಲ. ಅತ್ತಿಗೆ ಬಾಗಿಲು ತೆಗೆದರು. ಅಣ್ಣ ಸಿಲಿಂಡರ್ ತುಂಬುವ ಕಡೆ ಲೋಡಿಂಗಿಗೆ ಸೇರಿದ್ದಾರಂತೆ. ರಾತ್ರಿಪಾಳಿ. ಮಲಗಿದ್ದರು. ಒಳಕೋಣೆಯ ಬಾಗಿಲಿಂದ ಪಾದಗಳು ಕಾಣುತ್ತಿದ್ದವು, ಒಂದು ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

"ಎಬ್ಬಿಸ್ಲಾ?"

"ಬೇಡ ಅತ್ತಿಗೆ."

"ಸಾಹೇಬ್ರಿಗೆ ಹೇಳಿದ್ರಂತೆ."

"ಹೂಂ. ಹೇಳಿದೆ. ಪೈಪಿಂದು ತಪ್ಪೇನಿರಲಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು."

"ಮತ್ತೆ ಇವರನ್ನ ಕರೀತಾರಾ?"

"ಇಲ್ಲ. ಕೋಣೆ ಮುಚ್ತಾರೆ."

ಅತ್ತಿಗೆ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. "ಮತ್ತೆ ಯಾಕೆ ಬಂದ್ರಿ?" ಎಂದರು. ಸಿಟ್ಟಿನಿಂದ ಅಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ನನಗೂ ಗೊತ್ತಿರಲಿಲ್ಲ. ಕೂತೆ. ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. ಅವರ ಲೋಟ ತುಂಬಿತ್ತು. ನನ್ನ ಲೋಟಕ್ಕೆ ಅರ್ಧ ಮಾತ್ರ ಹಾಕಿದ್ದರು. ಕೈಯ ವಿಷಯ ನಾನು ಹೇಳಿರಲಿಲ್ಲ.

ಚೆಲ್ಲದೆ ಕುಡಿದೆ.